ಘಟ್ಟ ಹತ್ತುವ ಪಿಕಪ್‌ಗೆ ಎಷ್ಟು ಎಚ್‌ಪಿ ಬೇಕು?

"ಯಾವ ಗಾಡಿಗೆ ಎಚ್‌ಪಿ ಜಾಸ್ತಿ ಮಾರಾಯ್ರೇ?" ಪಿಕಪ್ ಕೊಳ್ಳುವ ಮೊದಲು ಒಂದು ಮಾತು ಕೇಳಿಕೊಂಡು ಹೋಗೋಣ ಅಂತ ಶಿರಸಿಯ ನಮ್ಮ ಗ್ಯಾರೇಜಿಗೆ ಬರುವವರಲ್ಲಿ ಹೆಚ್ಚಿನವರು ಶುರು ಮಾಡುವುದೇ ಇಲ್ಲಿಂದ. ಕೈಯಲ್ಲಿ ಶೋರೂಮಿನವರು ಕೊಟ್ಟ ಎರಡೋ ಮೂರೋ ಬಣ್ಣದ ಕಾಗದ ಇರುತ್ತದೆ. ಎಚ್‌ಪಿ ಇರುವ ಸಾಲಿಗೆ ಪೆನ್ನಿನಲ್ಲಿ ಗೆರೆ ಎಳೆದಿರುತ್ತಾರೆ. ನಾನು ಗೆರೆ ಎಳೆಯುವುದು ಅದರ ಕೆಳಗಿನ ಸಾಲಿಗೆ. ಅಲ್ಲಿ ಟಾರ್ಕ್ ಎಷ್ಟು ಅಂತ ಇರುತ್ತದೆ. ಪಕ್ಕದಲ್ಲೇ ಸಣ್ಣ ಅಕ್ಷರದಲ್ಲಿ, ಅದು ಯಾವ ಆರ್‌ಪಿಎಂನಿಂದ (ಎಂಜಿನ್ ನಿಮಿಷಕ್ಕೆ ಎಷ್ಟು ಸುತ್ತು ತಿರುಗುತ್ತದೆ ಅನ್ನುವ ಲೆಕ್ಕ) ಯಾವ ಆರ್‌ಪಿಎಂವರೆಗೆ ಸಿಗುತ್ತದೆ ಅಂತಲೂ ಇರುತ್ತದೆ. ಶಿರಸಿ–ಕುಮಟಾ ದಾರಿಯ ದೇವಿಮನೆ ಘಟ್ಟ ಇಳಿದು ಹತ್ತುವ ಗಾಡಿಯ ಜಾತಕ ಇರುವುದು ಆ ಸಣ್ಣ ಅಕ್ಷರದಲ್ಲಿ.

ಎಚ್‌ಪಿಗೂ ಟಾರ್ಕಿಗೂ ಏನು ವ್ಯತ್ಯಾಸ ಅಂತ ಕೇಳುವವರಿಗೆ ಅಡಿಕೆ ಮೂಟೆಯ ಲೆಕ್ಕ ಹೇಳುತ್ತೇನೆ. ಒಬ್ಬ ಪೂರ್ತಿ ಮೂಟೆ ಹೊತ್ತು ನಿಧಾನಕ್ಕೆ ನಡೆಯುತ್ತಾನೆ. ಇನ್ನೊಬ್ಬ ಅರ್ಧ ಮೂಟೆ ಹೊತ್ತು ಎರಡು ಪಟ್ಟು ಬೇಗ ಓಡಾಡುತ್ತಾನೆ. ಗಂಟೆ ಮುಗಿದಾಗ ಇಬ್ಬರೂ ಸಾಗಿಸಿದ್ದು ಅಷ್ಟೇ. ಅಂದರೆ ಇಬ್ಬರ ಎಚ್‌ಪಿ ಒಂದೇ. ಆದರೆ ಮೊದಲನೆಯವನ ಒಂದು ಹೆಜ್ಜೆಯಲ್ಲಿ ಇರುವ ಬಲ ಎರಡನೆಯವನದ್ದರಲ್ಲಿ ಇಲ್ಲ. ಆ ಬಲವೇ ಟಾರ್ಕ್. ಎರಡನೆಯವನು ಅದೇ ಕೆಲಸ ಮಾಡಬೇಕಾದರೆ ಓಡುತ್ತಲೇ ಇರಬೇಕು. ನಡುವೆ ನಿಧಾನ ಮಾಡಿದನೋ, ಕೆಲಸ ಬಿದ್ದುಹೋಯಿತು.

ಲೆಕ್ಕವೂ ಸುಲಭ. ಟಾರ್ಕನ್ನು (ಕಾಗದದಲ್ಲಿ ಎನ್‌ಎಂ, ಅಂದರೆ ನ್ಯೂಟನ್ ಮೀಟರ್, ಅಂತ ಇರುತ್ತದೆ) ಆರ್‌ಪಿಎಂನಿಂದ ಗುಣಿಸಿ 9549ರಿಂದ ಭಾಗಿಸಿದರೆ ಕಿಲೋವ್ಯಾಟ್ ಬರುತ್ತದೆ. ಒಂದು ಕಿಲೋವ್ಯಾಟ್ ಅಂದರೆ ಸುಮಾರು 1.34 ಎಚ್‌ಪಿ. ಕಾಗದದಲ್ಲಿ 80 ಎಚ್‌ಪಿ ಅಂತ ಇದ್ದರೆ ಅದು ಎಂಜಿನ್ 3200ರಲ್ಲೋ 3700ರಲ್ಲೋ ಕೂಗುತ್ತಿರುವಾಗ ಸಿಗುವ ಎಚ್‌ಪಿ. ಲೋಡು ಹಾಕಿಕೊಂಡು ಘಟ್ಟದಲ್ಲಿ ಅಷ್ಟು ರೇಸ್ ಕೊಟ್ಟು ಓಡಿಸುವ ಚಾಲಕರನ್ನು ನಾನಂತೂ ಕಂಡಿಲ್ಲ. ನಮ್ಮವರ ಕಾಲು ಇರುವುದು 1400ರಿಂದ 2200ರ ನಡುವೆ.

ಎರಡು ಗಾಡಿ ತಗೊಳ್ಳೋಣ. ಮಹೀಂದ್ರಾ ಬೊಲೆರೊ ಮ್ಯಾಕ್ಸ್ ಪಿಕಪ್‌ನ ಎಚ್‌ಡಿ ಮಾದರಿಗೆ 2523 ಸಿಸಿ ಎಂಜಿನ್, 80 ಎಚ್‌ಪಿ, 220 ಎನ್‌ಎಂ ಟಾರ್ಕ್. ಟಾಟಾ ಇಂಟ್ರಾ ವಿ50ಗೆ 1496 ಸಿಸಿ, ಅದೇ 80 ಎಚ್‌ಪಿ, ಅದೇ 220 ಎನ್‌ಎಂ. ಎಚ್‌ಪಿ ಸಾಲು ನೋಡಿದವರಿಗೆ ಎರಡೂ ಒಂದೇ ಗಾಡಿ. ಈಗ ಸಣ್ಣ ಅಕ್ಷರಕ್ಕೆ ಬನ್ನಿ. ಬೊಲೆರೊದ್ದು 1400ರಿಂದ 2200ರವರೆಗೆ. ಇಂಟ್ರಾದ್ದು 1750ರಿಂದ 2500ರವರೆಗೆ. 1500ರಲ್ಲಿ ಬೊಲೆರೊ ಪೂರ್ತಿ 220 ಎನ್‌ಎಂ ಕೊಡುತ್ತಿರುತ್ತದೆ, ಅಂದರೆ ಸುಮಾರು 46 ಎಚ್‌ಪಿ. ಅದೇ 1500ರಲ್ಲಿ ಇಂಟ್ರಾ ಇನ್ನೂ ಮೆಟ್ಟಿಲು ಹತ್ತುತ್ತಿರುತ್ತದೆ. ಎಂಜಿನ್ನಿಗೆ ಒತ್ತಡದಲ್ಲಿ ಗಾಳಿ ತುಂಬುವ ಟರ್ಬೊ ಇನ್ನೂ ಪೂರ್ತಿ ತುಂಬಿಲ್ಲ.

ಹಾಗಂತ ಇಂಟ್ರಾ ಕೆಟ್ಟ ಗಾಡಿ ಅಂತ ಅಲ್ಲ. ಸಣ್ಣ ಎಂಜಿನ್ ಇಡುವವರು ಅದಕ್ಕೆ ತಕ್ಕಂತೆ ಗೇರನ್ನೂ ಗಿಡ್ಡ ಮಾಡಿರುತ್ತಾರೆ, ಅಂದರೆ ಅದೇ ವೇಗಕ್ಕೆ ಎಂಜಿನ್ ಜಾಸ್ತಿ ಸುತ್ತುವ ಹಾಗೆ. 1800ರ ಮೇಲೆ ಇಟ್ಟುಕೊಂಡು ಓಡಿಸಿದರೆ ಅದೂ ಚೆನ್ನಾಗಿಯೇ ಎಳೆಯುತ್ತದೆ. ತೊಂದರೆ ಆಗುವುದು ಹಳೆ ಬೊಲೆರೊ ಓಡಿಸಿ ರೂಢಿ ಆದವರಿಗೆ. ಅವರಿಗೆ ಎಂಜಿನ್ ಜಾಸ್ತಿ ಕೂಗಿದರೆ ಡೀಸೆಲ್ ಸುಟ್ಟುಹೋಗುತ್ತದೆ ಅನ್ನುವ ಭಯ. ಮೂರನೇ ಗೇರಿನಲ್ಲೇ ಏರಿಸಲು ನೋಡುತ್ತಾರೆ, ಗಾಡಿ ಉಬ್ಬಸ ಪಡುತ್ತದೆ, ಮರುದಿನ ಬಂದು "ಎಳೆತವೇ ಇಲ್ಲ" ಅನ್ನುತ್ತಾರೆ. ಎಳೆತ ಇದೆ. ಎರಡನೇ ಗೇರಿನಲ್ಲಿದೆ.

ಘಟ್ಟಕ್ಕೆ ನಿಜವಾಗಿ ಎಷ್ಟು ಬೇಕು? ಗಾಡಿ, ಲೋಡು ಸೇರಿ 3 ಟನ್ ಅಂತ ಇಟ್ಟುಕೊಳ್ಳಿ. ರಸ್ತೆ 15 ಮೀಟರಿಗೆ 1 ಮೀಟರ್ ಏರುತ್ತಿದೆ. ಗಂಟೆಗೆ 30 ಕಿಲೋಮೀಟರಿನಲ್ಲಿ ಹತ್ತಲು ಚಕ್ರದ ಹತ್ತಿರ ಸುಮಾರು 26 ಎಚ್‌ಪಿ ಸಾಕು. ಗೇರ್‌ಬಾಕ್ಸ್, ಹಿಂದಿನ ಆಕ್ಸೆಲ್ಲಿನ ಹೌಸಿಂಗಿನಲ್ಲಿ ತಿಂದುಹೋಗುವುದನ್ನು ಸೇರಿಸಿದರೆ ಎಂಜಿನ್ ಕೊಡಬೇಕಾದ್ದು 30ರ ಆಸುಪಾಸು. ಅದೇ ಏರನ್ನು 50ರಲ್ಲಿ ಹತ್ತಬೇಕಾದರೆ 50 ಎಚ್‌ಪಿ ಬೇಕು. ದೇವಿಮನೆಯ ತಿರುವಿನಲ್ಲಿ ಲೋಡು ಗಾಡಿಯನ್ನು 50ರಲ್ಲಿ ಹೊಡೆಯುವವರಿದ್ದರೆ ಅವರಿಗೆ ಬೇಕಾದ್ದು ನನ್ನ ಸಲಹೆ ಅಲ್ಲ, ಇನ್ಶೂರೆನ್ಸ್. ಒಟ್ಟಿನಲ್ಲಿ 70 ಎಚ್‌ಪಿ ಇರುವ ಗಾಡಿಗೂ ಘಟ್ಟ ಹತ್ತುವಷ್ಟು ಶಕ್ತಿ ಧಾರಾಳ ಇದೆ. ಆ 30 ಎಚ್‌ಪಿ 1300ರಲ್ಲೇ ಸಿಗುತ್ತದೋ, 2000 ದಾಟಿದ ಮೇಲೆ ಸಿಗುತ್ತದೋ ಅನ್ನುವುದರಲ್ಲಿ ಚಾಲಕನ ಸುಖ ದುಃಖ ಇದೆ.

ಇದು ಗೊತ್ತಾಗುವ ಜಾಗ ಯಾವುದು ಹೇಳಿ? ಗೇರ್ ಬದಲಿಸುವ ಕ್ಷಣ. ಹಿಮ್ಮುರಿ ತಿರುವಿನಲ್ಲಿ ಎರಡನೇ ಗೇರಿಗೆ ಇಳಿಸಿದ್ದೀರಿ. ತಿರುವು ಕಳೆಯಿತು, 2400ರವರೆಗೆ ಎಳೆಸಿ ಮೂರಕ್ಕೆ ಹಾಕುತ್ತೀರಿ. ಎರಡಕ್ಕೂ ಮೂರಕ್ಕೂ ನಡುವಿನ ಅಂತರ ಪಿಕಪ್‌ಗಳಲ್ಲಿ ಸ್ವಲ್ಪ ಜಾಸ್ತಿಯೇ. ಆರ್‌ಪಿಎಂ ದಡಕ್ಕನೆ 1500ಕ್ಕೆ ಬೀಳುತ್ತದೆ. ಕ್ಲಚ್ ಒತ್ತಿದ ಅರೆಗಳಿಗೆಯಲ್ಲಿ ಏರು ಗಾಡಿಯ ವೇಗವನ್ನೂ ಸ್ವಲ್ಪ ಕಸಿದುಕೊಂಡಿರುತ್ತದೆ, ಹಾಗಾಗಿ ಕ್ಲಚ್ ಬಿಟ್ಟಾಗ ಸಿಗುವುದು 1400. ಟಾರ್ಕ್ 1400ರಲ್ಲೇ ಶುರುವಾಗುವ ಎಂಜಿನ್ ಇಲ್ಲಿ ಗಾಡಿಯನ್ನು ಕೈಬಿಡುವುದಿಲ್ಲ. 1750ರಲ್ಲಿ ಶುರುವಾಗುವುದು ಕೈಬಿಡುತ್ತದೆ. ಮತ್ತೆ ಎರಡಕ್ಕೆ ಇಳಿಸಬೇಕು. ಅರಬೈಲ್ ಘಟ್ಟದಲ್ಲಿ ಮುಂದೆ ಅದಿರು ಲಾರಿಯಂಥದ್ದೊಂದು ತೆವಳುತ್ತಿದ್ದರೆ ಇದೇ ಆಟ ಮೇಲಿನವರೆಗೂ. ಇಳಿಸು, ಏರಿಸು, ಇಳಿಸು. ಎಡಗಾಲು ಸೋಲುತ್ತದೆ.

ಕಾಲಿಗಿಂತ ಮೊದಲು ಸೋಲುವುದು ಕ್ಲಚ್. ಎಳೆತ ಸಾಲದು ಅನ್ನಿಸಿದ ಕೂಡಲೇ ಚಾಲಕರು ಮಾಡುವ ಕೆಲಸ ಹಾಫ್ ಕ್ಲಚ್. ಕ್ಲಚ್ ಅರ್ಧ ಒತ್ತಿ, ಎಂಜಿನ್ ರೇಸ್ ಮಾಡಿ, ಜಾರಿಸುತ್ತಾ ಹತ್ತಿಸುವುದು. ಗೇರ್‌ಬಾಕ್ಸ್ ಇಳಿಸಿದಾಗ ಇದರ ಕತೆ ಪೂರ್ತಿ ಕಾಣುತ್ತದೆ. ಪ್ರೆಷರ್ ಪ್ಲೇಟಿನ ಮುಖ ಬೆಳ್ಳಗೆ ಹೊಳೆಯುವ ಬದಲು ನೀಲಿ ಕಪ್ಪು ಕಲೆ ಕಟ್ಟಿರುತ್ತದೆ. ಕೂದಲೆಳೆಯಂಥ ಬಿರುಕು ಬಿಟ್ಟಿರುತ್ತದೆ. ಕ್ಲಚ್ ಪ್ಲೇಟಿನ ರಿವೆಟ್ ತಲೆಗಳು ಮೇಲೆದ್ದು ಫ್ಲೈವೀಲಿನ ಮೇಲೆ ಉಂಗುರದ ಹಾಗೆ ಗೀರು ಹಾಕಿರುತ್ತವೆ. ಒಬ್ಬರದ್ದು ಬೇಗ ಹೋಗುತ್ತದೆ, ಅದೇ ಗಾಡಿ ಇನ್ನೊಬ್ಬರ ಕೈಯಲ್ಲಿ ವರ್ಷಗಟ್ಟಲೆ ಬಾಳುತ್ತದೆ. ಕಂಪನಿಯನ್ನು ಬೈದು ಏನು ಪ್ರಯೋಜನ?

ಈ ಕಣ್ಣಿನಿಂದ ನೋಡಿದರೆ ನನಗೆ ಇಷ್ಟವಾಗುವ ಅಂಕಿ ಟಾಟಾ ಯೋಧ 2.0ದ್ದು. 2179 ಸಿಸಿ, 100 ಎಚ್‌ಪಿ, 250 ಎನ್‌ಎಂ, ಅದೂ 1000ದಿಂದ 2500ರವರೆಗೆ. ಇಷ್ಟು ಅಗಲ ಹರಡಿದ ಟಾರ್ಕ್ ಇದ್ದರೆ ಚಾಲಕ ಒಂದು ಗೇರ್ ತಪ್ಪು ಹಾಕಿದರೂ ಎಂಜಿನ್ ಆ ತಪ್ಪನ್ನು ಮುಚ್ಚಿಕೊಂಡು ಹೋಗುತ್ತದೆ. ಅಶೋಕ್ ಲೇಲ್ಯಾಂಡ್ ಬಡಾ ದೋಸ್ತ್‌ನ 1478 ಸಿಸಿ ಎಂಜಿನ್ನಿಗೆ ಮೂರೇ ಸಿಲಿಂಡರ್. 80 ಎಚ್‌ಪಿ, 190 ಎನ್‌ಎಂ, 1600ರಿಂದ 2400. ಮೂರು ಸಿಲಿಂಡರ್ ಅಂತ ಮೂಗು ಮುರಿಯುವವರಿದ್ದಾರೆ. ನಿಂತಲ್ಲಿ ಸ್ವಲ್ಪ ನಡುಗುತ್ತದೆ ನಿಜ, ಆದರೆ ಎಳೆಯುವ ವಿಷಯದಲ್ಲಿ ಸಿಲಿಂಡರ್ ಎಣಿಸುವುದು ಸುಮ್ನೆ ಕಾಲಹರಣ. ಇನ್ನು ಇಂಟ್ರಾ ವಿ30. 70 ಎಚ್‌ಪಿ ಅಂತ ನೋಡಿ ಖುಷಿಪಟ್ಟವರು 140 ಎನ್‌ಎಂ, 1800ರಿಂದ 3000 ಅನ್ನುವುದನ್ನೂ ಓದಬೇಕು. ಪೇಟೆಯೊಳಗೆ, ಬನವಾಸಿ ಕಡೆಯ ಬಯಲು ರಸ್ತೆಗೆ ಚೆಂದದ ಗಾಡಿ. ದಿನಾ ಘಟ್ಟಕ್ಕೆ ಅಂದರೆ ನಾನು ಬೇಡ ಅನ್ನುತ್ತೇನೆ.

ಎಂಜಿನ್ ದೊಡ್ಡದಿದ್ದರೆ ಎಚ್‌ಪಿ ಜಾಸ್ತಿ ಅನ್ನುವುದೂ ಸುಳ್ಳು. ಇಸುಜು ಕಂಪನಿಯೇ ಉದಾಹರಣೆ. ಓಡಾಟಕ್ಕೆ, ಷೋಕಿಗೆ ಕೊಳ್ಳುವ ಅವರ ವಿ-ಕ್ರಾಸ್‌ಗೆ 1898 ಸಿಸಿ, ಅದರಲ್ಲಿ 163 ಎಚ್‌ಪಿ. ಲೋಡು ಸಾಗಿಸುವ ಡಿ-ಮ್ಯಾಕ್ಸ್‌ಗೆ 2499 ಸಿಸಿ, ಅದರಲ್ಲಿ 78 ಎಚ್‌ಪಿ, 176 ಎನ್‌ಎಂ. ದೊಡ್ಡ ಎಂಜಿನ್ನಿಗೆ ಅರ್ಧಕ್ಕಿಂತ ಕಡಿಮೆ ಎಚ್‌ಪಿ! ದುಡಿಯುವ ಗಾಡಿಯ ಎಂಜಿನ್ನನ್ನು ಬೇಕಂತಲೇ ಸಾವಕಾಶಕ್ಕೆ ಬಿಟ್ಟಿರುತ್ತಾರೆ, ದಿನವಿಡೀ ಲೋಡಿನಲ್ಲಿ ಇರಲಿ ಅಂತ. ವಿ-ಕ್ರಾಸ್ ಕೊಂಡು ಅದರಲ್ಲಿ ಚಿರೆಕಲ್ಲು ಹೊರಿಸುವವರು ಯಾರೂ ಇಲ್ಲ ಅಲ್ವಾ?

ಘಟ್ಟದ ಕೆಳಗೆ ಲೆಕ್ಕವೇ ಬೇರೆ. ಕಾರವಾರದ ಬೈತಖೋಲದಲ್ಲಿ ಮೀನು, ಐಸ್ ತುಂಬಿಕೊಂಡು ಭಟ್ಕಳದ ಕಡೆಗೋ ಗೋವಾ ಕಡೆಗೋ ಹೋಗುವವರಿಗೆ 66ನೇ ಹೆದ್ದಾರಿ ಹೆಚ್ಚೂಕಡಿಮೆ ಸಪಾಟು. ಅಲ್ಲಿ ಹೋರಾಡಬೇಕಾದ್ದು ಗಾಳಿಯ ಜತೆ. 60ರಿಂದ 80ಕ್ಕೆ ವೇಗ ಏರಿಸಿದರೆ ಗಾಳಿಯನ್ನು ಸೀಳಲು ಬೇಕಾಗುವ ಶಕ್ತಿ ಎರಡು ಪಟ್ಟಿಗಿಂತ ಜಾಸ್ತಿ ಆಗುತ್ತದೆ. ಮೇಲೆ ಎತ್ತರಕ್ಕೆ ಕ್ರೇಟ್ ಜೋಡಿಸಿ ಟಾರ್ಪಾಲು ಕಟ್ಟಿದ್ದರಂತೂ ಕೇಳುವುದೇ ಬೇಡ. ಮೇಲಿನ ಆರ್‌ಪಿಎಂನಲ್ಲಿ ಎಚ್‌ಪಿ ಕೊಡುವ ಸಣ್ಣ ಎಂಜಿನ್ ಇಲ್ಲಿ ಉಪಯೋಗಕ್ಕೆ ಬರುತ್ತದೆ. ಮೀನಿನವರು ಎಚ್‌ಪಿ ಕೇಳಿದರೆ ಅದಕ್ಕೆ ಅರ್ಥ ಇದೆ.

ಆದರೆ ಮೀನಿನ ಗಾಡಿಗೆ ಬೇರೆ ಶತ್ರು ಇದೆ. ಐಸ್ ಕರಗಿ ಬೀಳುವ ಉಪ್ಪುನೀರು. ಅದು ಚಾಸಿಗೆ ತುಕ್ಕು ಹಿಡಿಸುವುದು ಎಲ್ಲರಿಗೂ ಗೊತ್ತು. ಸೆನ್ಸರ್ ವೈರುಗಳ ಕನೆಕ್ಟರ್ ಒಳಗೂ ಇಳಿದು ಪಿನ್ನಿಗೆ ಹಸಿರು ಕಿಲುಬು ಕಟ್ಟಿಸುತ್ತದೆ. ಕಂಪ್ಯೂಟರಿಗೆ ತಪ್ಪು ಲೆಕ್ಕ ಹೋಗುತ್ತದೆ, ಅದು ಎಂಜಿನ್ ಉಳಿಸಲು ಶಕ್ತಿ ಕಡಿಮೆ ಮಾಡಿಬಿಡುತ್ತದೆ. 2020ರ ಏಪ್ರಿಲ್‌ನಲ್ಲಿ ಹೊಗೆ ಕಡಿಮೆ ಮಾಡುವ ಬಿಎಸ್6 ನಿಯಮ ಬಂದ ಮೇಲೆ ಸೆನ್ಸರ್‌ಗಳೂ ಜಾಸ್ತಿ ಆಗಿವೆ. ಸೈಲೆನ್ಸರಿನಲ್ಲಿ ಮಸಿ ಹಿಡಿಯುವ ಫಿಲ್ಟರ್ ಇರುವ ಗಾಡಿಯನ್ನು ಬರೀ ಊರೊಳಗೆ ನಾಲ್ಕು ಕಿಲೋಮೀಟರ್ ಓಡಿಸುತ್ತಿದ್ದರೆ ಫಿಲ್ಟರ್ ಬಿಸಿಯಾಗಿ ಮಸಿ ಸುಡುವುದೇ ಇಲ್ಲ, ಕಟ್ಟಿಕೊಳ್ಳುತ್ತದೆ. ವಾರಕ್ಕೊಮ್ಮೆ ಆದರೂ ಹೆದ್ದಾರಿಯಲ್ಲಿ ಅರ್ಧ ಗಂಟೆ ಓಡಿಸಿ.

ಎಳೆತ ಇದ್ದದ್ದು ಹೋಯಿತು ಅಂತ ಬರುವ ಗಾಡಿಗಳಲ್ಲಿ ನಾನು ಮೊದಲು ಕೈ ಹಾಕುವುದು ಟರ್ಬೊದಿಂದ, ಆ ಗಾಳಿಯನ್ನು ತಣಿಸುವ ಇಂಟರ್‌ಕೂಲರ್‌ಗೆ ಹೋಗುವ ರಬ್ಬರ್ ಪೈಪಿಗೆ. ಕಣ್ಣಿಗೆ ಏನೂ ಕಾಣುವುದಿಲ್ಲ. ಕ್ಲಿಪ್ ಸಡಿಲಿಸಿ, ಪೈಪ್ ಹಿಂಡಿ ನೋಡಿದರೆ ಕ್ಲಿಪ್ ಕೂರುವ ಜಾಗದಲ್ಲೇ ಬಾಯಿ ಬಿಡುತ್ತದೆ, ಸುತ್ತ ಎಣ್ಣೆಯ ಜಿಡ್ಡು. ಖಾಲಿ ಓಡುವಾಗ ಸೀಳು ಮುಚ್ಚಿಕೊಂಡಿರುತ್ತದೆ. ಲೋಡು ಬಿದ್ದು ಟರ್ಬೊ ಒತ್ತಡ ಏರಿದಾಗ ಮಾತ್ರ ತೆರೆದು ಗಾಳಿ ಹೊರಗೆ ಹೋಗುತ್ತದೆ. ಸಣ್ಣ ಸಿಳ್ಳೆ, ಹಿಂದೆ ಕಪ್ಪು ಹೊಗೆ, ಎಂಜಿನ್ ಮಂಕು. ಪೈಪ್ ಬದಲಿಸಿದರೆ ಮುಗಿಯಿತು. ಇದನ್ನು ನೋಡದೆ ಪಂಪ್, ನಾಜಲ್ ಅಂತ ದೊಡ್ಡ ಬಿಲ್ ಕಟ್ಟಿ ಬಂದವರು ಎಷ್ಟೋ ಜನ. ಮಳೆಗಾಲದಲ್ಲಿ ಡೀಸೆಲ್ ಫಿಲ್ಟರಿನ ತಳದ ನೀರನ್ನೂ ಬಿಟ್ಟು ನೋಡಿ. ನಮ್ಮ ಮಳೆ ಗೊತ್ತಲ್ಲ.

ರೀಮ್ಯಾಪ್ ಮಾಡಿಸಿ, ಅಂದರೆ ಎಂಜಿನ್ ಕಂಪ್ಯೂಟರಿನ ಲೆಕ್ಕ ಬದಲಿಸಿ, 20 ಎಚ್‌ಪಿ ಜಾಸ್ತಿ ಮಾಡಿಕೊಡಿ ಅನ್ನುವ ಹುಡುಗರು ಈಚೆಗೆ ಬರುತ್ತಿದ್ದಾರೆ. ನಾನು ಮಾಡುವುದಿಲ್ಲ. ಜಾಸ್ತಿ ಡೀಸೆಲ್ ಸುರಿದರೆ ಎಚ್‌ಪಿ ಬರುತ್ತದೆ, ಜತೆಗೆ ಬಿಸಿಯೂ ಬರುತ್ತದೆ. ಕಾರಿಗೆ ಆ ಬಿಸಿ ನಾಲ್ಕು ಸೆಕೆಂಡಿನದ್ದು, ಓವರ್‌ಟೇಕ್ ಮಾಡುವಾಗ. ಘಟ್ಟ ಹತ್ತುವ ಪಿಕಪ್‌ಗೆ ಅರ್ಧ ಗಂಟೆಯದ್ದು. ಪಿಸ್ಟನ್, ಟರ್ಬೊ ಎರಡಕ್ಕೂ ಅದು ಹಿಡಿಸುವುದಿಲ್ಲ. ವಾರಂಟಿಯೂ ಹೋಗುತ್ತದೆ.

ಹತ್ತುವುದನ್ನೇ ಹೇಳುತ್ತಿದ್ದೇನೆ. ಇಳಿಯುವುದರ ಬಗ್ಗೆ ಯಾರೂ ಕೇಳುವುದಿಲ್ಲ. ಚಾಲಿ ಅಡಿಕೆ ತುಂಬಿದ ಗಾಡಿ ಘಟ್ಟ ಇಳಿಯುವಾಗ ಅದನ್ನು ಹಿಡಿದು ನಿಧಾನ ಮಾಡುವ ಗುಣವೂ ಎಂಜಿನ್ನಿಗೆ ಬೇಕು. ಒಂದೇ ಆರ್‌ಪಿಎಂನಲ್ಲಿ ಎರಡೂವರೆ ಲೀಟರಿನ ಎಂಜಿನ್ ಒಂದೂವರೆ ಲೀಟರಿನದ್ದಕ್ಕಿಂತ ಚೆನ್ನಾಗಿ ಹಿಡಿಯುತ್ತದೆ. ಸಣ್ಣ ಎಂಜಿನ್ ಇದ್ದವರು ಒಂದು ಗೇರ್ ಜಾಸ್ತಿ ಇಳಿಸಿಕೊಂಡು ಬರಬೇಕು. ಡೀಸೆಲ್ ಉಳಿಸಲು ನ್ಯೂಟ್ರಲ್‌ನಲ್ಲಿ ಬಿಡುವುದು ದಡ್ಡತನ. ಗೇರಿನಲ್ಲಿದ್ದು ಕಾಲು ತೆಗೆದರೆ ಈಗಿನ ಎಂಜಿನ್‌ಗಳು ಡೀಸೆಲ್ಲನ್ನು ತಾವೇ ನಿಲ್ಲಿಸುತ್ತವೆ. ನ್ಯೂಟ್ರಲ್‌ನಲ್ಲಿ ಬಿಟ್ಟರೇ ಐಡ್ಲಿಂಗಿಗೆ ಡೀಸೆಲ್ ಬೇಕು, ಮೇಲೆ ಬ್ರೇಕ್ ಲೈನರ್ ಸುಟ್ಟ ವಾಸನೆ.

ಕೊಳ್ಳುವವರಿಗೆ ಕೊನೆಗೆ ನಾನು ಹೇಳುವುದು ಟೆಸ್ಟ್ ಡ್ರೈವ್ ಬಗ್ಗೆ. ಖಾಲಿ ಗಾಡಿಯನ್ನು ಶೋರೂಮಿನ ಎದುರು ಓಡಿಸಿದರೆ ಎಲ್ಲವೂ ಚಿಗರೆಯೇ. ನಿಮ್ಮದೇ ಮೂಟೆ ಹಾಕಿಸಿ. ಏರು ರಸ್ತೆಗೆ ಒಯ್ದು ಮೂರನೇ ಗೇರಿನಲ್ಲಿ, 1400ರಿಂದ, ಎಕ್ಸಲೇಟರ್ ಪೂರ್ತಿ ಒತ್ತಿ ನೋಡಿ. ಮೀಟರಿನ ಮುಳ್ಳು ಮೇಲೇಳುತ್ತದೋ, ಅಲ್ಲೇ ಕೂರುತ್ತದೋ, ಕೆಳಗೆ ಬೀಳುತ್ತದೋ. ಆಮೇಲೆ ಅದೇ ಏರಿನಲ್ಲಿ ನಿಲ್ಲಿಸಿ, ಹ್ಯಾಂಡ್‌ಬ್ರೇಕ್ ಬಿಟ್ಟು, ರೇಸ್ ಕೊಡದೆ ಕ್ಲಚ್ ಒಂದರಲ್ಲೇ ಗಾಡಿ ಹೊರಡುತ್ತದೋ ನೋಡಿ. ವಾಪಸ್ ಬರುವಾಗ ಎರಡನೇ ಗೇರಿನಲ್ಲಿ ಬ್ರೇಕ್ ಮುಟ್ಟದೆ ಇಳಿಸಿ. ಲೋಡು ಹಾಕಲು ಬಿಡುವುದಿಲ್ಲ ಅಂತ ಶೋರೂಮಿನವರು ಅಂದರೆ ಪಕ್ಕದ ಶೋರೂಮಿಗೆ ಹೋಗಿ. ಅಥವಾ ಅದೇ ಗಾಡಿ ಇಟ್ಟುಕೊಂಡ ಬಾಡಿಗೆಯವರೊಬ್ಬರ ಪಕ್ಕದಲ್ಲಿ ಕೂತು ಕುಮಟಾಕ್ಕೆ ಹೋಗಿ ಬನ್ನಿ, ದಾರಿಯಲ್ಲಿ ಅವರ ಎಡಗಾಲನ್ನು ನೋಡುತ್ತಾ ಇರಿ.