ಶಿಕ್ಷೆ ಕಡಿಮೆಯಾಯಿತೆಂದು ನೊಂದವರು ಮೇಲ್ಮನವಿ ಸಲ್ಲಿಸಬಹುದೇ?

ಪ್ರಶ್ನೆ: ಮನೆಗೆ ನುಗ್ಗಿ ನಮ್ಮ ತಂದೆಯವರನ್ನು ಮಚ್ಚಿನಿಂದ ಗಾಯಗೊಳಿಸಿದವನಿಗೆ ಸೆಷನ್ಸ್ ನ್ಯಾಯಾಲಯವು ಹಲ್ಲೆಗೆ 5 ವರ್ಷ, ಅತಿಕ್ರಮ ಪ್ರವೇಶಕ್ಕೆ 3 ವರ್ಷ ಶಿಕ್ಷೆ ವಿಧಿಸಿದೆ. ಒಟ್ಟು 8 ವರ್ಷ ಎಂದುಕೊಂಡಿದ್ದೆವು. ಈಗ ಐದೇ ವರ್ಷ ಎನ್ನುತ್ತಿದ್ದಾರೆ. ನಾವು ಮೇಲ್ಮನವಿ ಸಲ್ಲಿಸಬಹುದೇ?

ಉತ್ತರ: ತೀರ್ಪಿನ ಕೊನೆಯಲ್ಲಿರುವ ಆದೇಶದ ಭಾಗವನ್ನು ಮೊದಲು ಓದಿ. ಶಿಕ್ಷೆಗಳು ಏಕಕಾಲದಲ್ಲಿ ಜಾರಿಯಾಗತಕ್ಕದ್ದು ಎಂದು ಅಲ್ಲಿದ್ದರೆ, ಎರಡೂ ಅವಧಿಗಳು ಒಂದೇ ದಿನ ಆರಂಭವಾಗಿ ಜೊತೆಜೊತೆಯಾಗಿ ಸವೆಯುತ್ತವೆ. 3 ವರ್ಷವು 5 ವರ್ಷದೊಳಗೇ ಮುಗಿದುಹೋಗುತ್ತದೆ. ಒಂದಾದ ನಂತರ ಒಂದು ಎಂದಿದ್ದರೆ ಮಾತ್ರ 8 ವರ್ಷ. ಹಳೆಯ ದಂಡ ಪ್ರಕ್ರಿಯಾ ಸಂಹಿತೆಯಲ್ಲಿ ನ್ಯಾಯಾಧೀಶರು ಏನೂ ಹೇಳದಿದ್ದರೆ ಶಿಕ್ಷೆಗಳು ಒಂದರ ಹಿಂದೊಂದು ನಡೆಯುತ್ತಿದ್ದವು. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 25ನೇ ಕಲಂ, ಅಪರಾಧಗಳ ಗಂಭೀರತೆಯನ್ನು ನೋಡಿ ಯಾವ ರೀತಿಯೆಂದು ಆದೇಶಿಸಬೇಕು ಎನ್ನುತ್ತದೆ. ಒಂದೇ ಘಟನೆಯಲ್ಲಿ ನಡೆದ ಅಪರಾಧಗಳಿಗೆ ನ್ಯಾಯಾಲಯಗಳು ಸಾಮಾನ್ಯವಾಗಿ ಏಕಕಾಲದ ಶಿಕ್ಷೆಯನ್ನೇ ಕೊಡುತ್ತವೆ. ದಂಡ ಕಟ್ಟದಿದ್ದುದಕ್ಕೆ ಅನುಭವಿಸಬೇಕಾದ ಸೆರೆವಾಸ ಮಾತ್ರ ಇದರಲ್ಲಿ ಬೆರೆಯುವುದಿಲ್ಲ, ಅದು ಪ್ರತ್ಯೇಕ.

ಶಿಕ್ಷೆ ಸಾಲದೆಂಬ ಕಾರಣಕ್ಕೆ ಮೇಲ್ಮನವಿ ಸಲ್ಲಿಸುವ ಹಕ್ಕು ಇದೇ ಹೊಸ ಸಂಹಿತೆಯ 418ನೇ ಕಲಮಿನಡಿ ಸರ್ಕಾರಕ್ಕಿದೆ, ನಿಮಗಿಲ್ಲ. ಮ್ಯಾಜಿಸ್ಟ್ರೇಟರ ತೀರ್ಪಾದರೆ ಸೆಷನ್ಸ್ ನ್ಯಾಯಾಲಯಕ್ಕೆ, ಸೆಷನ್ಸ್ ತೀರ್ಪಾದರೆ ಹೈಕೋರ್ಟಿಗೆ ಸರ್ಕಾರವು ತನ್ನ ಅಭಿಯೋಜಕರ, ಅಂದರೆ ತನ್ನ ಪರ ವಾದಿಸುವ ವಕೀಲರ, ಮೂಲಕ ಹೋಗಬೇಕು. ನೊಂದವರ ಹಕ್ಕು ಖುಲಾಸೆ, ಕಡಿಮೆ ತೀವ್ರತೆಯ ಅಪರಾಧಕ್ಕೆ ದೋಷಿಯೆಂದ ತೀರ್ಪು, ಸಾಕಷ್ಟಿಲ್ಲದ ಪರಿಹಾರ ಎಂಬ ಮೂರು ಸಂದರ್ಭಗಳಿಗೆ ಸೀಮಿತವೆಂದು ಸುಪ್ರೀಂ ಕೋರ್ಟ್ 2020ರಲ್ಲಿ ಸ್ಪಷ್ಟಪಡಿಸಿದೆ. ಗಾಯ ತಿಂದವರೇ ಶಿಕ್ಷೆಯ ಪ್ರಮಾಣದ ಬಗ್ಗೆ ನೇರವಾಗಿ ಮಾತನಾಡಲಾಗದಿರುವುದು ನನ್ನ ದೃಷ್ಟಿಯಲ್ಲಿ ಕಾನೂನಿನ ದೊಡ್ಡ ಕೊರತೆ.

ಆದರೆ ಎರಡನೆಯ ಸಂದರ್ಭವನ್ನು ಗಮನಿಸಿ: ಆರೋಪ ಕೊಲೆ ಯತ್ನದ್ದಾಗಿದ್ದು, ತೀರ್ಪು ಬರೀ ತೀವ್ರ ಗಾಯಕ್ಕೆ ಇಳಿದಿದ್ದರೆ, ಆ ಕಾರಣದ ಮೇಲೆ ನಿಮ್ಮ ತಂದೆಯವರೇ ಮೇಲ್ಮನವಿ ಸಲ್ಲಿಸಬಹುದು. ಹಾಗಿಲ್ಲದಿದ್ದರೆ ತೀರ್ಪಿನ ದೃಢೀಕೃತ ಪ್ರತಿಯೊಂದಿಗೆ ಸರ್ಕಾರಿ ಅಭಿಯೋಜಕರಿಗೆ ಲಿಖಿತ ಮನವಿ ಕೊಡಿ; ಹೈಕೋರ್ಟಿಗೆ ಹೋಗಲು ಸರ್ಕಾರಕ್ಕಿರುವುದು 60 ದಿನ, ಪ್ರತಿ ಪಡೆಯಲು ಹಿಡಿದ ದಿನಗಳು ಅದರಲ್ಲಿ ಸೇರುವುದಿಲ್ಲ. ಶಿಕ್ಷೆ ಹೆಚ್ಚಿಸುವಂತೆ ಸರ್ಕಾರ ಕೇಳಿದಾಗ ಅಪರಾಧಿಗೂ ಉತ್ತರಿಸುವ ಅವಕಾಶ ಸಿಗುತ್ತದೆ, ಅದೇ ವಿಚಾರಣೆಯಲ್ಲಿ ಅವನು ತನ್ನ ಖುಲಾಸೆಯನ್ನೂ ಕೋರಬಹುದು. ಆದ್ದರಿಂದ ಮನವಿ ಕೊಡುವ ಮೊದಲು ಸಾಕ್ಷ್ಯ ಎಷ್ಟು ಗಟ್ಟಿಯಾಗಿದೆ ಎಂಬುದನ್ನು ವಕೀಲರೊಂದಿಗೆ ಕುಳಿತು ನೋಡಿಕೊಳ್ಳಿ.