ಕಾಮೆಂಟರಿ ಬಾಕ್ಸಿನೊಳಗೆ ರಾಜಕೀಯ: ಕರಾರು ಹೇಳದೆ ಬಿಟ್ಟ ಮಾತು

ಮಳೆ ಬಂದು ಆಟ ನಿಂತ ಹೊತ್ತು ನೇರಪ್ರಸಾರದ ನಿರ್ಮಾಪಕನಿಗೆ ಕಷ್ಟದ ಹೊತ್ತು. ಹೊದಿಕೆ ಹಾಸಿದ ಪಿಚ್ ಬಿಟ್ಟರೆ ತೋರಿಸಲು ಏನೂ ಇರುವುದಿಲ್ಲ, ಹಳೆಯ ಪಂದ್ಯಗಳ ತುಣುಕುಗಳು ಮುಗಿದಿರುತ್ತವೆ, ಕಾಮೆಂಟರಿ ಬಾಕ್ಸಿನಲ್ಲಿ ಕುಳಿತವರು ಮಾತ್ರ ಮಾತಾಡುತ್ತಲೇ ಇರಬೇಕಾಗುತ್ತದೆ. ಕೆಲವು ವರ್ಷಗಳ ಹಿಂದೆ ಅಂಥದೇ ಒಂದು ಮಧ್ಯಾಹ್ನ, ನನ್ನ ತಂಡದಲ್ಲಿದ್ದ ಮಾಜಿ ಆಟಗಾರರೊಬ್ಬರು ಮಾತಿನ ಓಘದಲ್ಲಿ ಆಗಷ್ಟೇ ಮುಗಿದಿದ್ದ ಚುನಾವಣೆಯ ಕಡೆಗೆ ಹೊರಳಿದರು. ನಾನು ಅವರ ಕಿವಿಗೆ ಮಾತ್ರ ಕೇಳಿಸುವ ಟಾಕ್‌ಬ್ಯಾಕ್ ಗುಂಡಿ ಒತ್ತಿ, "ಆಟಕ್ಕೆ ಬನ್ನಿ ಸರ್" ಎಂದೆ. ಅವರು ಇನ್ನೆರಡು ವಾಕ್ಯ ಹೇಳಿಯೇ ಬಂದರು. ಎಲ್ಲ ಸೇರಿ ಇಪ್ಪತ್ತು ಸೆಕೆಂಡು ಆಗಿದ್ದಿರಬಹುದು. ಮುಂದಿನ ಸರಣಿಯ ಪಟ್ಟಿಯಲ್ಲಿ ಅವರ ಹೆಸರಿರಲಿಲ್ಲ. ಕಾರಣವನ್ನು ವಾಹಿನಿ ಅವರಿಗೂ ಹೇಳಲಿಲ್ಲ, ನನಗೂ ಹೇಳಲಿಲ್ಲ. ಕರಾರಿನ ಪ್ರಕಾರ ಹೇಳಬೇಕಾಗಿಯೂ ಇರಲಿಲ್ಲ.

ಕ್ರೀಡಾ ಪ್ರಸಾರದಲ್ಲಿ ದುಡಿಯುವವರ ರಾಜಕೀಯ ಅಭಿಪ್ರಾಯದ ಬಗ್ಗೆ ಚರ್ಚೆ ಎದ್ದಾಗಲೆಲ್ಲ ಅದು 'ಮಾತಾಡುವ ಹಕ್ಕು ಇದೆಯೋ ಇಲ್ಲವೋ' ಎಂಬಲ್ಲಿಗೆ ಬಂದು ನಿಲ್ಲುತ್ತದೆ. ಒಳಗಿನಿಂದ ನೋಡಿದವರಿಗೆ ಸಮಸ್ಯೆ ಬೇರೆಯಾಗಿ ಕಾಣುತ್ತದೆ. ವೀಕ್ಷಕ ವಿವರಣೆಗಾರರಲ್ಲಿ ಹೆಚ್ಚಿನವರು ಸಂಸ್ಥೆಯ ನೌಕರರಲ್ಲ. ಸರಣಿಗೆ, ಋತುವಿಗೆ, ಕೆಲವೊಮ್ಮೆ ಒಂದೇ ಪಂದ್ಯಕ್ಕೆ ಕರಾರು ಮಾಡಿಕೊಂಡವರು. ಇಂಥವರನ್ನು ವಜಾ ಮಾಡುವ ಪ್ರಮೇಯವೇ ಬರುವುದಿಲ್ಲ, ಫೋನ್ ಮಾಡದಿದ್ದರೆ ಸಾಕು. ಕರಾರಿನಲ್ಲಿ 'ಸಂಸ್ಥೆಯ ಹೆಸರಿಗೆ ಕುಂದು ತರುವ ವರ್ತನೆ' ಎಂಬಂಥ ಒಂದು ಸಾಲು ಇರುತ್ತದೆ, ಅದರ ಅರ್ಥವೇನೆಂಬುದನ್ನು ವಿವಾದವಾದ ಮೇಲೆ, ಕರಾರು ಬರೆದವರೇ ನಿರ್ಧರಿಸುತ್ತಾರೆ. ನನ್ನ ತಕರಾರು ಇರುವುದು ಇಲ್ಲಿ. ನಿಯಮ ಬಿಗಿಯಾಗಿದ್ದರೂ ಅಡ್ಡಿಯಿಲ್ಲ, ಆದರೆ ಅದು ಮೊದಲೇ ಬರೆದದ್ದಾಗಿರಬೇಕು, ಯಾವ ಪಕ್ಷದ ಪರವಾದ ಮಾತಿಗೂ ಒಂದೇ ಆಗಿರಬೇಕು.

ಪ್ರಸಾರದ ಒಳಗಿನ ಮಾತು ಮತ್ತು ಹೊರಗಿನ ಮಾತು, ಈ ಎರಡನ್ನು ಬೇರೆ ಬೇರೆಯಾಗಿಯೇ ನೋಡಬೇಕು. ಪ್ರಸಾರದ ಒಳಗೆ ನಾನು ಬಳಸುವ ಅಳತೆಗೋಲು ಸರಳವಾದದ್ದು: ಮಾತು ಪಂದ್ಯದೊಳಗಿಂದ ಎದ್ದು ಬಂದಿದೆಯೇ ಅಥವಾ ಹೊರಗಿಂದ ತಂದು ಹಾಕಿದ್ದೇ? 2020ರ ಜುಲೈ 8ರಂದು ಸೌತಾಂಪ್ಟನ್‌ನಲ್ಲಿ ಇಂಗ್ಲೆಂಡ್ ಮತ್ತು ವೆಸ್ಟ್ ಇಂಡೀಸ್ ಟೆಸ್ಟ್ ಮಳೆಯಿಂದ ತಡವಾದಾಗ ಸ್ಕೈ ಸ್ಪೋರ್ಟ್ಸ್‌ನಲ್ಲಿ ವೆಸ್ಟ್ ಇಂಡೀಸಿನ ಮಾಜಿ ವೇಗದ ಬೌಲರ್ ಮೈಕೆಲ್ ಹೋಲ್ಡಿಂಗ್ ವರ್ಣಭೇದದ ಬಗ್ಗೆ ದೀರ್ಘವಾಗಿ ಮಾತಾಡಿದರು. ಬಲ್ಬು ಕಂಡುಹಿಡಿದವರೆಂದು ಎಡಿಸನ್ನರ ಹೆಸರನ್ನು ಎಲ್ಲ ಮಕ್ಕಳಿಗೂ ಕಲಿಸುತ್ತಾರೆ, ಕಾರ್ಬನ್ ತಂತುವನ್ನು ಸುಧಾರಿಸಿದ ಕಪ್ಪು ವರ್ಣೀಯ ಲೂಯಿಸ್ ಲ್ಯಾಟಿಮರ್ ಹೆಸರನ್ನು ಏಕೆ ಕಲಿಸುವುದಿಲ್ಲ ಎಂಬುದು ಅವರ ಮಾತಿನ ತಿರುಳಾಗಿತ್ತು. ಅದು ಖಂಡಿತವಾಗಿಯೂ ರಾಜಕೀಯ. ಆದರೆ ಆ ದಿನ ಆಟ ಶುರುವಾಗುವ ಮೊದಲು ಎರಡೂ ತಂಡಗಳ ಆಟಗಾರರು ವರ್ಣಭೇದವನ್ನು ವಿರೋಧಿಸಿ ಮೈದಾನದಲ್ಲಿ ಮಂಡಿಯೂರಿದರು. ಅದು ಏಕೆಂದು ವಿವರಿಸದಿದ್ದರೆ ವಿವರಣೆಗಾರ ತನ್ನ ಕೆಲಸವನ್ನೇ ಮಾಡಿದಂತಾಗುತ್ತಿರಲಿಲ್ಲ. ಜೊತೆಗೆ ಅವರಿಗೆ ಸಮಯವಿತ್ತು, ಹೇಳಬೇಕಾದುದರ ಸಿದ್ಧತೆಯೂ ಇತ್ತು.

ಸಮಯದ ಮಾತು ಸಣ್ಣದಲ್ಲ. 2012ರ ಡಿಸೆಂಬರ್‌ನಲ್ಲಿ ಅಮೆರಿಕನ್ ಫುಟ್‌ಬಾಲ್ ಆಟಗಾರನೊಬ್ಬ ತನ್ನ ಸಂಗಾತಿಯನ್ನು ಗುಂಡಿಕ್ಕಿ ಕೊಂದು ತಾನೂ ಗುಂಡು ಹೊಡೆದುಕೊಂಡ ಮರುದಿನ, ಅಮೆರಿಕದ ಎನ್‌ಬಿಸಿ ವಾಹಿನಿಯಲ್ಲಿ ನಿರೂಪಕ ಬಾಬ್ ಕೋಸ್ಟಾಸ್ ಪಂದ್ಯದ ಮಧ್ಯಂತರದಲ್ಲಿ ಬಂದೂಕು ಸಂಸ್ಕೃತಿಯ ವಿರುದ್ಧ ಮಾತಾಡಿದರು. ವಿಷಯ ಹೊರಗಿನದೇನೂ ಆಗಿರಲಿಲ್ಲ. ಆದರೆ ಅವರಿಗಿದ್ದದ್ದು ಸುಮಾರು 90 ಸೆಕೆಂಡು. ಅಷ್ಟು ದೊಡ್ಡ ವಿಷಯವನ್ನು ಬಿಡಿಸಿ ಹೇಳುವಷ್ಟು ಸಮಯವಿಲ್ಲದಿದ್ದಾಗ ಕೈಗೆತ್ತಿಕೊಂಡದ್ದು ತಪ್ಪಾಯಿತೆಂದು ಕೋಸ್ಟಾಸ್ ಆಮೇಲೆ ತಾವೇ ಒಪ್ಪಿಕೊಂಡರು. ಕಿವಿಯಲ್ಲಿ ಯಾರೋ ಸೆಕೆಂಡುಗಳನ್ನು ಎಣಿಸುತ್ತಿರುವಾಗ ಹೇಳಿದ ಅಭಿಪ್ರಾಯ, ಅದು ಎಷ್ಟೇ ಪ್ರಾಮಾಣಿಕವಾಗಿದ್ದರೂ, ಕೇಳುವವರಿಗೆ ಘೋಷಣೆಯಂತೆ ಕೇಳಿಸುತ್ತದೆ. ಕೆಲಸಕ್ಕೆ ಹೊಸದಾಗಿ ಬರುವವರಿಗೆ ನಾನು ಹೇಳುವ ಮೊದಲ ಪಾಠ ಇದೇ.

ಹಾಗೆಂದು ಸುಮ್ಮನಿರುವುದೇ ನಿಷ್ಪಕ್ಷಪಾತ ಎಂದೂ ನಾನು ಒಪ್ಪುವುದಿಲ್ಲ. ಅಮೆರಿಕದ ಬಾಕ್ಸರ್ ಕ್ಯಾಷಿಯಸ್ ಕ್ಲೇ ತನ್ನ ಹೆಸರನ್ನು ಮುಹಮ್ಮದ್ ಅಲಿ ಎಂದು ಬದಲಿಸಿಕೊಂಡಾಗ ಅನೇಕ ಪತ್ರಕರ್ತರು ಹಳೆಯ ಹೆಸರನ್ನೇ ಹಿಡಿದು ಕೂತಿದ್ದರು. ಅಮೆರಿಕದ ಎಬಿಸಿ ವಾಹಿನಿಯ ಹೊವಾರ್ಡ್ ಕೋಸೆಲ್ ಹೊಸ ಹೆಸರಿನಿಂದ ಕರೆದರು. 1967ರಲ್ಲಿ ಸೇನೆಗೆ ಸೇರಲು ನಿರಾಕರಿಸಿದ್ದಕ್ಕೆ ಅಲಿಯ ಪಟ್ಟವನ್ನು ಕಿತ್ತುಕೊಂಡಾಗ ಅವರ ಪರವಾಗಿ ನಿಂತರು. ಒಬ್ಬ ಆಟಗಾರನನ್ನು ಯಾವ ಹೆಸರಿನಿಂದ ಕರೆಯಬೇಕೆಂಬುದೇ ಅಂದು ರಾಜಕೀಯ ನಿಲುವಾಗಿತ್ತು, ಹಳೆಯ ಹೆಸರನ್ನು ಬಳಸಿದವರದೂ ನಿಲುವೇ ಆಗಿತ್ತು. 1971ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ಆ ನಿರಾಕರಣೆಗಾಗಿ ಅಲಿಗೆ ವಿಧಿಸಿದ್ದ ಶಿಕ್ಷೆಯನ್ನು ರದ್ದುಮಾಡಿತು.

ಪ್ರಸಾರದ ಹೊರಗಿನ ಮಾತಿನ ವಿಷಯದಲ್ಲಿ ಬಿಬಿಸಿಯ ಗ್ಯಾರಿ ಲಿನೆಕರ್ ಪ್ರಕರಣದಷ್ಟು ಕಲಿಸುವಂಥದು ಇನ್ನೊಂದಿಲ್ಲ. ಮಾಜಿ ಫುಟ್‌ಬಾಲ್ ಆಟಗಾರರಾದ, 1999ರಿಂದ 'ಮ್ಯಾಚ್ ಆಫ್ ದ ಡೇ' ಎಂಬ ಫುಟ್‌ಬಾಲ್ ಕಾರ್ಯಕ್ರಮ ನಡೆಸಿಕೊಡುತ್ತಿದ್ದ ಅವರು 2023ರ ಮಾರ್ಚ್ 7ರಂದು, ಆಶ್ರಯ ಕೋರಿ ಬರುವವರ ಬಗ್ಗೆ ಬ್ರಿಟಿಷ್ ಸರ್ಕಾರ ಬಳಸುತ್ತಿದ್ದ ಭಾಷೆಯನ್ನು 1930ರ ದಶಕದ ಜರ್ಮನಿಯ ಭಾಷೆಗೆ ಹೋಲಿಸಿ ಟ್ವೀಟ್ ಮಾಡಿದರು. ಬಿಬಿಸಿ ಅವರನ್ನು ಕಾರ್ಯಕ್ರಮದಿಂದ ಹಿಂದೆ ಸರಿಸಿತು. ಸಹೋದ್ಯೋಗಿಗಳಾದ ಇಯಾನ್ ರೈಟ್, ಅಲನ್ ಶಿಯರರ್ ತಾವೂ ಬರುವುದಿಲ್ಲವೆಂದರು, ವಿವರಣೆಗಾರರೂ ಹಿಂದೆ ಸರಿದರು. ಮಾರ್ಚ್ 11ರ ರಾತ್ರಿ ಆ ಕಾರ್ಯಕ್ರಮ ನಿರೂಪಕರಿಲ್ಲದೆ, ವಿವರಣೆಯಿಲ್ಲದೆ, ಶೀರ್ಷಿಕೆ ಸಂಗೀತವೂ ಇಲ್ಲದೆ ಬರೀ 20 ನಿಮಿಷ ಪ್ರಸಾರವಾಯಿತು. ಗೋಲಾದಾಗ ಎದ್ದ ಪ್ರೇಕ್ಷಕರ ಕೂಗು ಮಾತ್ರ ಕೇಳುತ್ತಿತ್ತು, ಗೋಲು ಹೊಡೆದವರು ಯಾರೆಂದು ಹೇಳುವ ದನಿ ಇರಲಿಲ್ಲ. ಎರಡೇ ದಿನಗಳಲ್ಲಿ ಬಿಬಿಸಿ ತನ್ನ ಮಾರ್ಗಸೂಚಿಯಲ್ಲಿ ಅಸ್ಪಷ್ಟತೆ ಇದೆಯೆಂದು ಒಪ್ಪಿ ಅವರನ್ನು ವಾಪಸು ಕರೆಯಿತು. ಅದೇ ವರ್ಷದ ಸೆಪ್ಟೆಂಬರ್‌ನಲ್ಲಿ ಹೊಸ ನಿಯಮ ಬಂತು: ಪ್ರಮುಖ ಕಾರ್ಯಕ್ರಮಗಳ ನಿರೂಪಕರು ವಿಷಯಗಳ ಬಗ್ಗೆ, ನೀತಿಗಳ ಬಗ್ಗೆ ಅಭಿಪ್ರಾಯ ಹೇಳಬಹುದು, ಪಕ್ಷಗಳನ್ನು ಬೆಂಬಲಿಸುವುದು, ರಾಜಕಾರಣಿಗಳ ಚಾರಿತ್ರ್ಯವನ್ನು ಟೀಕಿಸುವುದು ಕೂಡದು. ಗೆರೆ ಎಳೆದದ್ದು ಸರಿಯಾಗಿಯೇ ಇದೆ, ಆದರೆ ಅದನ್ನು ಎಳೆದದ್ದು ವಿವಾದ ಆದ ಮೇಲೆ. 2025ರ ಮೇ ತಿಂಗಳಲ್ಲಿ ಯಹೂದಿ ದ್ವೇಷವನ್ನು ನೆನಪಿಸುವ ಇಲಿಯ ಚಿತ್ರವಿದ್ದ ಪೋಸ್ಟ್ ಹಂಚಿಕೊಂಡು, ಕ್ಷಮೆ ಕೇಳಿ, ಲಿನೆಕರ್ ಬಿಬಿಸಿಯನ್ನೇ ಬಿಟ್ಟರು. ಹಂಚುವ ಗುಂಡಿ ಒತ್ತಲು ಬೇಕಾದ ಒಂದು ಕ್ಷಣದಲ್ಲಿ ಚಿತ್ರವನ್ನು ಪೂರ್ತಿ ನೋಡದಿದ್ದರೆ ಎಷ್ಟು ವರ್ಷಗಳ ದುಡಿಮೆ ಹೋಗಬಹುದು ಎಂಬುದು ನನ್ನನ್ನು ಇಂದಿಗೂ ಕಾಡುತ್ತದೆ.

ಖಾಸಗಿ ವಾಹಿನಿಗಳ ಲೆಕ್ಕ ಬೇರೆ. ಅಮೆರಿಕದ ಕ್ರೀಡಾ ವಾಹಿನಿ ಇಎಸ್‌ಪಿಎನ್‌ನ ನಿರೂಪಕಿ ಜೆಮೆಲ್ ಹಿಲ್ 2017ರ ಸೆಪ್ಟೆಂಬರ್‌ನಲ್ಲಿ ಅಧ್ಯಕ್ಷ ಟ್ರಂಪ್ ಅವರನ್ನು ಬಿಳಿಯರ ಶ್ರೇಷ್ಠತೆಯನ್ನು ಪ್ರತಿಪಾದಿಸುವವರೆಂದು ಕರೆದಾಗ ಶ್ವೇತಭವನದ ವಕ್ತಾರರೇ ಅದು ಕೆಲಸದಿಂದ ತೆಗೆಯಬೇಕಾದ ತಪ್ಪೆಂದರು. ಆಗ ವಾಹಿನಿ ಅಮಾನತು ಮಾಡಲಿಲ್ಲ. ಅಕ್ಟೋಬರ್‌ನಲ್ಲಿ ಅವರು ಒಂದು ಫುಟ್‌ಬಾಲ್ ತಂಡದ ಜಾಹೀರಾತುದಾರರ ಮೇಲೆ ಅಭಿಮಾನಿಗಳು ಒತ್ತಡ ಹಾಕಬಹುದೆಂಬ ಅರ್ಥದ ಟ್ವೀಟ್ ಮಾಡಿದಾಗ ಎರಡು ವಾರ ಅಮಾನತು ಮಾಡಿತು, ನಿಯಮ ಮುರಿದದ್ದು ಇದು ಎರಡನೆಯ ಸಲ ಎಂದಿತು. ಅದಕ್ಕೆ ಮುಂಚೆ, 2016ರಲ್ಲಿ, ಅದೇ ವಾಹಿನಿ ಬಲಪಂಥೀಯ ನಿಲುವಿನ ವಿಶ್ಲೇಷಕ, ಮಾಜಿ ಬೇಸ್‌ಬಾಲ್ ಆಟಗಾರ ಕರ್ಟ್ ಶಿಲ್ಲಿಂಗ್ ಅವರನ್ನು ಲಿಂಗಪರಿವರ್ತಿತರ ಕುರಿತ ಪೋಸ್ಟಿಗಾಗಿ ಕೆಲಸದಿಂದ ತೆಗೆದಿತ್ತು.

ಕಾನೂನು ಎಲ್ಲೆಡೆ ಒಂದೇ ಅಲ್ಲ. ಮಾತಿನ ಸ್ವಾತಂತ್ರ್ಯವನ್ನು ಕಾಯುವ, ಅಮೆರಿಕದ ಸಂವಿಧಾನದ ಮೊದಲ ತಿದ್ದುಪಡಿ ಸರ್ಕಾರದ ಕೈಯನ್ನು ಕಟ್ಟುತ್ತದೆ, ಖಾಸಗಿ ಮಾಲೀಕರದನ್ನಲ್ಲ. ಆಸ್ಟ್ರೇಲಿಯಾದಲ್ಲಿ ಕೆಲವೇ ದಿನಗಳಿಗೆ ನೇಮಕಗೊಂಡಿದ್ದ ರೇಡಿಯೊ ನಿರೂಪಕಿ ಆಂಟ್ವನೆಟ್ ಲಟ್ಟೂಫ್ ಅವರನ್ನು ಗಾಜಾ ಕುರಿತ ಪೋಸ್ಟಿನ ನಂತರ ಅಲ್ಲಿನ ಸಾರ್ವಜನಿಕ ಪ್ರಸಾರ ಸಂಸ್ಥೆ ಎಬಿಸಿ ತೆಗೆದದ್ದು ಕಾನೂನುಬಾಹಿರವೆಂದು 2025ರ ಜೂನ್‌ನಲ್ಲಿ ಫೆಡರಲ್ ಕೋರ್ಟ್ ಹೇಳಿ, 70,000 ಆಸ್ಟ್ರೇಲಿಯನ್ ಡಾಲರ್ ಪರಿಹಾರ ಕೊಡಿಸಿತು. ಅದೇ ವರ್ಷದ ಫೆಬ್ರುವರಿಯಲ್ಲಿ ಕ್ರಿಕೆಟ್ ಪತ್ರಕರ್ತ ಪೀಟರ್ ಲೇಲರ್ ಅವರನ್ನು ಗಾಜಾ ಕುರಿತ ಪೋಸ್ಟ್‌ಗಳ ಕಾರಣಕ್ಕೆ ಆಸ್ಟ್ರೇಲಿಯಾದ ಎಸ್‌ಇಎನ್ ಕ್ರೀಡಾ ರೇಡಿಯೊ ಶ್ರೀಲಂಕಾ ಪ್ರವಾಸದ ನಡುವೆಯೇ ವಿವರಣೆಯಿಂದ ಕೈಬಿಟ್ಟಿತ್ತು. ಅವರು ಫ್ರೀಲಾನ್ಸ್ ಆಗಿದ್ದರು.

ಕರಾರಿಗೆ ಸಹಿ ಹಾಕುವ ಮುನ್ನ ಸಲಹೆ ಕೇಳುವವರಿಗೆ ನಾನು ಮೂರು ಮಾತನ್ನು ಬರೆಸಿಕೊಳ್ಳಿ ಎನ್ನುತ್ತೇನೆ: ಜಾಲತಾಣದ ನಿಯಮ ಕರಾರಿನ ಜೊತೆಗೇ ಲಗತ್ತಾಗಿರಬೇಕು, ದೂರು ಬಂದರೆ ಅದನ್ನು ನಿಮಗೆ ತೋರಿಸಬೇಕು, ನಡುವೆ ಕೈಬಿಟ್ಟರೆ ಕಾರಣವನ್ನು ಬರವಣಿಗೆಯಲ್ಲಿ ಕೊಡಬೇಕು. ಮೊದಲ ಎರಡಕ್ಕೆ ಈಚೆಗೆ ಕೆಲವು ವಾಹಿನಿಗಳು ಒಪ್ಪುತ್ತಿವೆ. ಮೂರನೆಯದನ್ನು ಪ್ರತಿ ಸಲವೂ ಗೀಟು ಹಾಕಿ ಹೊಡೆದು ವಾಪಸು ಕಳಿಸುತ್ತಾರೆ, ನಾವು ಪ್ರತಿ ಸಲವೂ ಅದನ್ನು ಮತ್ತೆ ಸೇರಿಸುತ್ತೇವೆ.