ಅಡ್ರೆಸ್ ಬಾರ್‌ನಿಂದಲೇ ಫೈಲ್ ಹಂಚುವ ಕಮಾಂಡ್

ಬ್ರೌಸರ್‌ಗೆ ಹೊಸ ಸೌಲಭ್ಯ ಸೇರಿಸುವ ಎಕ್ಸ್‌ಟೆನ್ಶನ್‌ಗಳನ್ನು ಬರೆದುಕೊಡುವ ನನ್ನ ವೃತ್ತಿಯಲ್ಲಿ ಪದೇ ಪದೇ ಕೇಳಿಬರುವ ಬೇಡಿಕೆಯೊಂದಿದೆ. ಅಡ್ರೆಸ್ ಬಾರ್‌ನಲ್ಲಿ ಒಂದು ಚಿಕ್ಕ ಪದವನ್ನೂ ಸಹೋದ್ಯೋಗಿಯ ಹೆಸರನ್ನೂ ಟೈಪ್ ಮಾಡಿ ಎಂಟರ್ ಒತ್ತಿದರೆ, ಎದುರಿಗೆ ತೆರೆದಿರುವ ಫೈಲ್ ಅವರ ಇಮೇಲ್‌ಗೆ ತಲುಪಬೇಕು. ಇದು ಹಳೆಯ ಆಸೆಯೇ. ಮೊಜಿಲ್ಲಾ ಲ್ಯಾಬ್ಸ್ 2008ರಲ್ಲಿ ಫೈರ್‌ಫಾಕ್ಸ್‌ಗಾಗಿ ಹೊರತಂದ ಯುಬಿಕ್ವಿಟಿ ಎಂಬ ಪ್ರಯೋಗದಲ್ಲಿ ಬಳಕೆದಾರರು ಇಂತಹ ಕಮಾಂಡ್‌ಗಳನ್ನು ತಾವೇ ಬರೆದುಕೊಳ್ಳಬಹುದಿತ್ತು. ಆ ಯೋಜನೆ ನಿಂತುಹೋದರೂ, ಇಂದಿನ ಕ್ರೋಮ್ ಮತ್ತು ಫೈರ್‌ಫಾಕ್ಸ್ ಎರಡರಲ್ಲೂ ಇರುವ ಆಮ್ನಿಬಾಕ್ಸ್ ಎಪಿಐ, ಅಂದರೆ ಅಡ್ರೆಸ್ ಬಾರ್‌ನಲ್ಲಿ ಟೈಪ್ ಮಾಡಿದ್ದನ್ನು ಎಕ್ಸ್‌ಟೆನ್ಶನ್‌ಗೆ ತಲುಪಿಸುವ ವ್ಯವಸ್ಥೆ, ಈ ಕೆಲಸಕ್ಕೆ ಸಾಕಾಗುತ್ತದೆ.

ಇಮೇಲ್ ಕಿಟಕಿಯನ್ನು ತೆರೆಯುವ ಅತ್ಯಂತ ಸರಳ ದಾರಿಯೆಂದರೆ mailto: ಎಂದು ಆರಂಭವಾಗುವ ಮೇಲ್‌ಟು ವಿಳಾಸ. ಅದರ ಈಗಿನ ನಿಯಮಾವಳಿಯಾದ, ಆರ್‌ಎಫ್‌ಸಿ 6068 ಎಂಬ 2010ರ ಅಂತರ್ಜಾಲ ಮಾನದಂಡದ ದಾಖಲೆಯ ಪ್ರಕಾರ ಸ್ವೀಕರಿಸುವವರ ವಿಳಾಸ, ವಿಷಯ, ಒಕ್ಕಣೆ ಮುಂತಾದವನ್ನು ಮೊದಲೇ ತುಂಬಿಡಬಹುದೇ ಹೊರತು ಫೈಲನ್ನು ಲಗತ್ತಿಸುವ ವ್ಯವಸ್ಥೆ ಅದರಲ್ಲಿಲ್ಲ. ಇದನ್ನು ಕೊರತೆಯೆಂದು ದೂರುವವರಿದ್ದಾರೆ; ಆದರೆ ಯಾವುದೋ ಜಾಲತಾಣದ ಒಂದು ಲಿಂಕ್ ನಮ್ಮ ಡಿಸ್ಕ್‌ನಲ್ಲಿರುವ ಫೈಲನ್ನು ನಮಗರಿವಿಲ್ಲದೆ ಇಮೇಲ್‌ಗೆ ಸೇರಿಸುವಂತಿದ್ದರೆ ಏನಾಗುತ್ತಿತ್ತೆಂದು ಯೋಚಿಸಿದರೆ, ಈ ಸೌಲಭ್ಯ ಇಲ್ಲದಿರುವುದೇ ಕ್ಷೇಮ. ಆದ್ದರಿಂದ ನಾನು ಬರೆಯುವ ಕಮಾಂಡ್ ಫೈಲಿನ ಲಿಂಕನ್ನು ಮಾತ್ರ ಇಮೇಲ್‌ನಲ್ಲಿ ತುಂಬಿಡುತ್ತದೆ.

ಎಲ್ಲ ಲಿಂಕ್‌ಗಳೂ ಕಳಿಸಲು ಯೋಗ್ಯವಲ್ಲ. ಸ್ವಂತ ಡಿಸ್ಕ್‌ನಿಂದ ತೆರೆದ ಫೈಲಿನ ವಿಳಾಸವಾಗಲಿ, ಪುಟವು ತಾತ್ಕಾಲಿಕವಾಗಿ ಸೃಷ್ಟಿಸಿಕೊಂಡ ಬ್ಲಾಬ್ ವಿಳಾಸವಾಗಲಿ ಇನ್ನೊಬ್ಬರ ಕಂಪ್ಯೂಟರಿನಲ್ಲಿ ತೆರೆದುಕೊಳ್ಳುವುದಿಲ್ಲ. ಅಂಥದ್ದು ಬಂದಾಗ ಕಮಾಂಡ್ ಅಲ್ಲಿಯೇ ನಿಂತು ಕಾರಣವನ್ನು ತಿಳಿಸಬೇಕು. ಇದಕ್ಕಿಂತ ಸೂಕ್ಷ್ಮವಾದದ್ದು ಲಾಗಿನ್‌ನ ಹಿಂದಿರುವ ಫೈಲ್: ನಮಗೆ ಕಾಣುವ ದಾಖಲೆಯ ಬದಲು ಅವರಿಗೆ ಲಾಗಿನ್ ಪುಟವೇ ಕಾಣುತ್ತದೆ. ಮತ್ತೆ ಕೆಲವು ವಿಳಾಸಗಳ ಬಾಲದಲ್ಲಿ ಗುಪ್ತ ಟೋಕನ್ ಇರುತ್ತದೆ. ಅದು ಯಾರ ಕೈಗೆ ಸಿಕ್ಕರೂ ಫೈಲ್ ಸಿಕ್ಕಂತೆಯೇ. ಇವೆರಡನ್ನೂ ಕಮಾಂಡ್ ತಾನಾಗಿ ಖಚಿತವಾಗಿ ಗುರುತಿಸಲಾರದು, ಕಳಿಸುವವರೇ ಕಣ್ಣಿಟ್ಟು ನೋಡಬೇಕು.

ಕೋಡ್ ಬರೆಯುವಾಗ ಹೆಚ್ಚಿನವರು ಎಡವುವುದು ಎನ್‌ಕೋಡಿಂಗ್‌ನಲ್ಲಿ, ಅಂದರೆ ಅಕ್ಷರಗಳನ್ನು ವಿಳಾಸದಲ್ಲಿ ಹೋಗಬಲ್ಲ ಸಂಕೇತಗಳಾಗಿ ಬದಲಿಸುವುದರಲ್ಲಿ. ಜಾವಾಸ್ಕ್ರಿಪ್ಟ್‌ನಲ್ಲಿ ಜಾಲ ವಿಳಾಸದಲ್ಲಿ ‘?’ ಚಿಹ್ನೆಯ ನಂತರ ಬರುವ ಭಾಗವನ್ನು ಕಟ್ಟಲು ಬಳಸುವ ಸಿದ್ಧ ಸಾಧನವು ಖಾಲಿ ಜಾಗವನ್ನು + ಚಿಹ್ನೆಯಾಗಿ ಬರೆಯುತ್ತದೆ, ಆದರೆ ಮೇಲ್‌ಟು ನಿಯಮದಲ್ಲಿ + ಎಂದರೆ + ಮಾತ್ರ. ಹಾಗಾಗಿ ‘ವಾರದ+ವರದಿ+ನೋಡಿ’ ಎಂಬ ವಿಷಯಸಾಲು ಹೊತ್ತ ಇಮೇಲ್ ಹೊರಡುತ್ತದೆ. ಖಾಲಿ ಜಾಗ %20 ಆಗಿಯೂ, ಸಾಲು ಮುರಿಯುವಲ್ಲಿ ಅದಕ್ಕೆ ಗೊತ್ತಾದ ಸಂಕೇತವಾಗಿಯೂ ಹೋಗುವಂತೆ ಪ್ರತಿ ಭಾಗವನ್ನೂ ಬೇರೆಬೇರೆಯಾಗಿ ಎನ್‌ಕೋಡ್ ಮಾಡುವುದೇ ಸರಿ. ಕನ್ನಡದಲ್ಲಿ ಬರೆಯುವವರು ಇನ್ನೂ ಒಂದನ್ನು ಗಮನಿಸಬೇಕು. ಅಕ್ಷರಗಳನ್ನು ಬೈಟ್‌ಗಳಾಗಿ ಬರೆಯುವ ಯುಟಿಎಫ್-8 ಪದ್ಧತಿಯಲ್ಲಿ ‘ಕ’ ಎಂಬ ಒಂದಕ್ಷರಕ್ಕೆ 3 ಬೈಟ್ ಬೇಕು, ಪ್ರತಿ ಬೈಟ್ ವಿಳಾಸದಲ್ಲಿ 3 ಚಿಹ್ನೆಗಳಾಗುತ್ತದೆ, ಅಂದರೆ ಒಟ್ಟು 9. ಕಾಗುಣಿತದ ಚಿಹ್ನೆಗೂ ಒತ್ತಕ್ಷರಕ್ಕೂ ಇದರ ಮೇಲೆ ಮತ್ತಷ್ಟು ಬೇಕು. ಉದ್ದನೆಯ ಒಕ್ಕಣೆಯಿಟ್ಟರೆ ವಿಳಾಸ ಬೆಳೆದು, ಕೆಲವು ಇಮೇಲ್ ತಂತ್ರಾಂಶಗಳು ಅದನ್ನು ನಡುವೆಯೇ ಕತ್ತರಿಸಿಬಿಡುತ್ತವೆ. ಎರಡು ಸಾಲು ಸಾಕು.

ಫೈಲನ್ನೇ ಲಗತ್ತಿಸಬೇಕೆಂದು ಹಟ ಹಿಡಿದರೆ ಇಮೇಲ್ ಸೇವೆಯ ಎಪಿಐ ಬಳಸಿ, ಅನುಮತಿ ಪಡೆದು, ಇಡೀ ಸಂದೇಶವನ್ನು ನಾವೇ ಕಟ್ಟಬೇಕಾಗುತ್ತದೆ. ಲಗತ್ತನ್ನು ಇಮೇಲ್‌ನಲ್ಲಿ ಕಳಿಸಲು ಅಕ್ಷರಗಳಾಗಿ ಬದಲಿಸುವ ಬೇಸ್64 ರೂಪದಲ್ಲಿ ಪ್ರತಿ 3 ಬೈಟ್ 4 ಆಗುವುದರಿಂದ 20 ಎಂಬಿಯ ಫೈಲ್ ಸುಮಾರು 27 ಎಂಬಿಗೆ ಉಬ್ಬುತ್ತದೆ. ಒಂದು ಸಣ್ಣ ಅನುಕೂಲಕ್ಕಾಗಿ ಇಮೇಲ್ ಖಾತೆಯನ್ನು ಬಳಸುವ ಅಧಿಕಾರವನ್ನು ಎಕ್ಸ್‌ಟೆನ್ಶನ್‌ಗೆ ಒಪ್ಪಿಸುವುದು ನನಗಂತೂ ಸರಿಕಾಣದು.

ಕಮಾಂಡ್ ತಾನೇ ಇಮೇಲ್ ಕಳಿಸಬಾರದು, ಡ್ರಾಫ್ಟ್ ತೆರೆದು ನಿಲ್ಲಬೇಕು. ಒಂದೇ ಹೆಸರಿನ ಇಬ್ಬರಿದ್ದಾಗ ತಪ್ಪು ವ್ಯಕ್ತಿಗೆ ದಾಖಲೆ ಹೋಗುವುದನ್ನು ತಡೆಯಲು, ಹೆಸರು ಟೈಪ್ ಮಾಡುತ್ತಿರುವಾಗಲೇ ಆಮ್ನಿಬಾಕ್ಸ್‌ನ ಸಲಹೆಗಳಲ್ಲಿ ಪೂರ್ಣ ಇಮೇಲ್ ವಿಳಾಸವನ್ನು ತೋರಿಸಬೇಕು. ಹೆಸರುಗಳ ಪಟ್ಟಿಯನ್ನು ಎಕ್ಸ್‌ಟೆನ್ಶನ್‌ಗೆಂದು ಬ್ರೌಸರ್ ಕೊಡುವ ಸ್ಟೋರೇಜ್‌ನಲ್ಲಿಡಿ, ಕೋಡ್ ಓಡುತ್ತಿರುವಾಗ ಮಾತ್ರ ಉಳಿಯುವ ವೇರಿಯಬಲ್‌ನಲ್ಲಿ ಬೇಡ; ಕ್ರೋಮ್ ಈಗ ಹಿನ್ನೆಲೆಯ ಸ್ಕ್ರಿಪ್ಟನ್ನು ಕೆಲಸವಿಲ್ಲದಾಗ ನಿಲ್ಲಿಸಿಬಿಡುವುದರಿಂದ ವೇರಿಯಬಲ್‌ನಲ್ಲಿದ್ದದ್ದು ಮಾಯವಾಗುತ್ತದೆ. ಎಲ್ಲ ಜಾಲತಾಣಗಳನ್ನೂ ಓದುವ ಅನುಮತಿ ಕೇಳುವ ಅಗತ್ಯವೂ ಇಲ್ಲ: ಕ್ರೋಮ್‌ನಲ್ಲಿ ‘ಆಕ್ಟಿವ್‌ಟ್ಯಾಬ್’ ಅನುಮತಿಯಿದ್ದರೆ, ಬಳಕೆದಾರರು ಕಮಾಂಡ್ ನೀಡಿದ ಕ್ಷಣದಲ್ಲಿ ಎದುರಿಗಿರುವ ಪುಟದ ವಿಳಾಸ ಸಿಗುತ್ತದೆ. ಎಂಟರ್ ಒತ್ತಿದ ಮೇಲೂ ಏನೂ ತೆರೆಯದಿದ್ದರೆ ಕೋಡ್ ತಿದ್ದಲು ಹೊರಡುವ ಮೊದಲು, ಆ ಕಂಪ್ಯೂಟರಿನಲ್ಲಿ ಮೇಲ್‌ಟು ಲಿಂಕ್‌ಗಳನ್ನು ತೆರೆಯಲು ಯಾವ ತಂತ್ರಾಂಶವನ್ನು ನಿಗದಿಪಡಿಸಲಾಗಿದೆ ಎಂಬುದನ್ನು ಸೆಟ್ಟಿಂಗ್ಸ್‌ನಲ್ಲಿ ನೋಡಿ.